ಒಂದು ವೇದಿಕೆ, ಇಬ್ಬರು ನಿರೂಪಕಿಯರು: ರಾಜ್ಯೋತ್ಸವದ ನಿರೂಪಣೆಯನ್ನು ಹಂಚಿಕೊಳ್ಳುವ ಬಗೆ

ಅಕ್ಟೋಬರ್ ಕೊನೆಯ ವಾರದಲ್ಲಿ ಬಡಾವಣೆಯ ಸಂಘದವರು ಮನೆಗೆ ಬಂದು, “ಈ ಸಲ ರಾಜ್ಯೋತ್ಸವದ ನಿರೂಪಣೆ ನೀವಿಬ್ಬರೂ ಸೇರಿ ಮಾಡಿಬಿಡಿ ಮೇಡಂ” ಎಂದು ಹೇಳಿ ಹೋದ ಮೇಲೆ, ನಾನೂ ನನ್ನ ಜೊತೆಗಾತಿಯೂ ಮೊದಲ ವರ್ಷ ಮಾಡಿದ ಕೆಲಸವೆಂದರೆ ಉದ್ದನೆಯ ಸ್ಕ್ರಿಪ್ಟೊಂದನ್ನು ಬರೆದು, ನೀಲಿ ಶಾಯಿಯ ಸಾಲುಗಳು ನನ್ನವು, ಕೆಂಪು ಶಾಯಿಯ ಸಾಲುಗಳು ಅವಳವು ಎಂದು ಹಂಚಿಕೊಂಡದ್ದು. ಸಾಲುಗಳ ಎಣಿಕೆಯಲ್ಲಿ ಹಂಚಿಕೆ ಸರಿಸಮವಾಗಿತ್ತು, ಆದರೆ ವೇದಿಕೆಯ ಮೇಲೆ ಇಬ್ಬರೂ ಇಡೀ ಹೊತ್ತು ಕಾಗದದಲ್ಲಿ ಕಣ್ಣು ನೆಟ್ಟು, ನನ್ನ ಸಾಲು ಯಾವಾಗ ಬರುತ್ತದೋ ಎಂದು ಕಾಯುತ್ತಲೇ ಇದ್ದೆವು. ಎದುರಿಗಿದ್ದ ಮುನ್ನೂರು ಜನರನ್ನಾಗಲಿ, ಪಕ್ಕದಲ್ಲಿ ಕುಳಿತಿದ್ದ ಗಣ್ಯರನ್ನಾಗಲಿ ನಮ್ಮಿಬ್ಬರಲ್ಲಿ ಒಬ್ಬರೂ ನೋಡುತ್ತಿರಲಿಲ್ಲ.

ಅದರ ಫಲ ದೀಪ ಬೆಳಗಿಸುವ ಹೊತ್ತಿಗೇ ಸಿಕ್ಕಿತು. ಮುಖ್ಯ ಅತಿಥಿಗಳು ಮೇಣದಬತ್ತಿ ಹಿಡಿದು ಬಗ್ಗಿದರು, ವೇದಿಕೆಯ ಫ್ಯಾನಿನ ಗಾಳಿಗೆ ಅದು ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ನಾನು ಕತ್ತಲೆಯಿಂದ ಬೆಳಕಿನೆಡೆಗೆ ಹೋಗುವ ಬಗ್ಗೆ ಬರೆದುಕೊಂಡಿದ್ದ ನಾಲ್ಕು ಸಾಲುಗಳನ್ನು ಓದಿ ಮುಗಿಸಿ, ಬೇರೇನೂ ತೋಚದೆ ಅವನ್ನೇ ಇನ್ನೊಮ್ಮೆ ಓದಿದೆ. ಸಭಿಕರಲ್ಲಿ ಯಾರೋ ನಕ್ಕರು. ಆಗ ಜೊತೆಗಾತಿ ತನ್ನ ಕಾಗದಗಳನ್ನು ಪೋಡಿಯಂ ಮೇಲಿಟ್ಟು, ಸದ್ದಿಲ್ಲದೆ ಹಿಂದಕ್ಕೆ ಹೋಗಿ ಫ್ಯಾನಿನ ಸ್ವಿಚ್ ಆರಿಸಿ ಬಂದಳು, ದೀಪ ಹತ್ತಿತು. ಜಂಟಿ ನಿರೂಪಣೆ ಎಂದರೆ ಏನೆಂದು ನನಗೆ ಅರ್ಥವಾದದ್ದು ಆ ಸ್ವಿಚ್ಚಿನ ಸದ್ದಿನಲ್ಲಿ. ಒಬ್ಬಳು ಮಾತಾಗಿರುವಾಗ ಇನ್ನೊಬ್ಬಳು ಕಣ್ಣೂ ಕಾಲೂ ಆಗಿರಬೇಕು. ಹಾಗಿರದಿದ್ದರೆ ಇಬ್ಬರನ್ನು ನಿಲ್ಲಿಸುವುದಕ್ಕಿಂತ ಒಬ್ಬರನ್ನು ನಿಲ್ಲಿಸುವುದೇ ವಾಸಿ. ಮುಂದೆ ಬರೆಯುವುದೆಲ್ಲ ಈ ಒಂದು ಕೆಲಸವನ್ನು ಹೇಗೆ ಸಾಧಿಸುವುದೆಂಬ ವಿವರವಷ್ಟೇ.

ಹಂಚಿಕೊಳ್ಳಬೇಕಾದದ್ದು ಘಟ್ಟಗಳನ್ನು

ನಮ್ಮ ಕಡೆಯ ಸಭಾ ಕಾರ್ಯಕ್ರಮಗಳಿಗೆ ಒಂದು ಸಿದ್ಧ ಚೌಕಟ್ಟಿದೆ: ಪ್ರಾರ್ಥನೆ, ನಾಡಗೀತೆ, ಸ್ವಾಗತ, ದೀಪ ಬೆಳಗಿಸುವುದು, ಪ್ರಾಸ್ತಾವಿಕ ನುಡಿ, ಅತಿಥಿಗಳ ಮಾತು, ಸನ್ಮಾನ, ಅಧ್ಯಕ್ಷರ ನುಡಿ, ವಂದನಾರ್ಪಣೆ, ಅದರ ಹಿಂದೆಯೋ ಮುಂದೆಯೋ ಮಕ್ಕಳ ಸಾಂಸ್ಕೃತಿಕ ಕಾರ್ಯಕ್ರಮ. ಹಂಚಿಕೆಯನ್ನು ಈ ಘಟ್ಟಗಳ ಲೆಕ್ಕದಲ್ಲಿ ಮಾಡಬೇಕು. ಪ್ರಾರ್ಥನೆಯಿಂದ ದೀಪದವರೆಗೆ ಒಬ್ಬರು ಮಾತಾಡಿದರೆ, ಪ್ರಾಸ್ತಾವಿಕದಿಂದ ಅತಿಥಿಗಳ ಮಾತಿನವರೆಗೆ ಇನ್ನೊಬ್ಬರು, ಸನ್ಮಾನಕ್ಕೆ ಮತ್ತೆ ಮೊದಲಿನವರು. ಹೀಗೆ ಮಾಡಿದಾಗ ಸುಮ್ಮನಿರುವವರಿಗೆ ಹದಿನೈದು ಇಪ್ಪತ್ತು ನಿಮಿಷಗಳ ಬಿಡುವು ಸಿಗುತ್ತದೆ, ಆ ಬಿಡುವಿನಲ್ಲಿಯೇ ಮುಂದಿನ ಘಟ್ಟದ ಸಿದ್ಧತೆ ನಡೆಯುತ್ತದೆ.

ಸಭೆಯನ್ನು ಪೂರ್ತಿಯಾಗಿ ಹಿರಿಯಳಿಗೂ ಸಾಂಸ್ಕೃತಿಕ ಭಾಗವನ್ನು ಪೂರ್ತಿಯಾಗಿ ಕಿರಿಯಳಿಗೂ ಬಿಟ್ಟುಕೊಡುವ ಪದ್ಧತಿ ಹಲವೆಡೆ ಇದೆ. ನನಗೆ ಅದು ಸರಿಬರುವುದಿಲ್ಲ, ಏಕೆಂದರೆ ನೋಡುವವರಿಗೆ ಒಂದೇ ಸಂಜೆ ಎರಡು ಬೇರೆ ಕಾರ್ಯಕ್ರಮಗಳಾದಂತೆ ಕಾಣುತ್ತದೆ, ಅಲ್ಲದೆ ಕಿರಿಯಳಿಗೆ ಗಣ್ಯರ ಹೆಸರು ಹೇಳುವ ಅಭ್ಯಾಸವೇ ಆಗುವುದಿಲ್ಲ. ಆದರೆ ಒಂದು ವಿಷಯದಲ್ಲಿ ಸಂಕೋಚ ಬೇಡ: ಯಾರಿಗೆ ಯಾವುದು ಚೆನ್ನಾಗಿ ಬರುತ್ತದೋ ಅದನ್ನು ಅವರಿಗೇ ಬಿಡಬೇಕು. ಬಿನ್ನವತ್ತಳೆ ಓದುವುದಕ್ಕೆ ಉಸಿರಿನ ಹಿಡಿತವೂ ಮಹಾಪ್ರಾಣಗಳ ಸ್ಪಷ್ಟತೆಯೂ ಬೇಕು. ನನ್ನ ಜೊತೆಗಾತಿ ಅದನ್ನು ನನಗಿಂತ ಚೆನ್ನಾಗಿ ಓದುತ್ತಾಳೆ, ಆದ್ದರಿಂದ ಐದು ವರ್ಷಗಳಿಂದ ಅದು ಅವಳದೇ ಪಾಲು. ಮಕ್ಕಳು ವೇಷ ಹಾಕಿಕೊಳ್ಳುವುದು ತಡವಾದಾಗ ಹತ್ತು ನಿಮಿಷ ಏನಾದರೂ ಹೇಳಿ ಸಭೆಯನ್ನು ಹಿಡಿದಿಡುವ ಕೆಲಸ ನನ್ನದು.

ಕಾಗದ

ಪ್ರತಿಯೊಬ್ಬರೂ ಒಂದೊಂದು ಹಾಳೆ ಇಟ್ಟುಕೊಳ್ಳಬೇಕು, ಎರಡರಲ್ಲಿಯೂ ಇರುವುದು ಒಂದೇ ಆಗಿರಬೇಕು. ಸಮಯ, ಕಾರ್ಯಕ್ರಮದ ಅಂಶ, ಮಾತಾಡುವವರು ಯಾರು ಎಂಬ ಮೂರು ಕಂಬಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿ: ಆ ಹೊತ್ತಿನಲ್ಲಿ ಇನ್ನೊಬ್ಬರು ಏನು ಮಾಡುತ್ತಿರಬೇಕು. ನಮ್ಮ ಹಾಳೆಯಿಂದ ಒಂದು ಸಾಲನ್ನು ಹಾಗೆಯೇ ಇಲ್ಲಿ ಇಳಿಸುತ್ತೇನೆ: “7.10, ಸನ್ಮಾನ, ಮಾತು ನಾನು. ಅವಳು ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಇದೇ ಕ್ರಮದಲ್ಲಿ ತಟ್ಟೆಗಳು ಎಡಗಡೆಯಿಂದ ಬರುತ್ತಿವೆಯೇ ನೋಡುವುದು. ತಟ್ಟೆ ಹಿಡಿಯುವ ಹುಡುಗಿಯರಿಗೆ ಸನ್ನೆ.” ಈ ನಾಲ್ಕನೆಯ ಕಂಬ ಇಲ್ಲದಿದ್ದರೆ ಸನ್ಮಾನದಲ್ಲಿ ಆಗುವುದೇನೆಂದು ಎಲ್ಲರೂ ನೋಡಿಯೇ ಇರುತ್ತೀರಿ: ಮೈಕಿನಲ್ಲಿ “ಈಗ ಮೈಸೂರು ಪೇಟ ತೊಡಿಸಿ” ಎಂದು ಹೇಳುತ್ತಿರುವಾಗ ವೇದಿಕೆಯ ಮೇಲೆ ಶಾಲು ಹೊದಿಸುತ್ತಿರುತ್ತಾರೆ, ಪೇಟ ಇನ್ನೂ ಪ್ಲಾಸ್ಟಿಕ್ ಚೀಲದಲ್ಲಿಯೇ ಇರುತ್ತದೆ.

ಮೊಬೈಲ್ ನೋಡಿಕೊಂಡು ನಿರೂಪಿಸುವುದನ್ನು ದಯವಿಟ್ಟು ಬಿಡಿ. ಪರದೆ ತಾನಾಗಿ ಆರಿಹೋಗುತ್ತದೆ, ನಡುವೆ ಕರೆ ಬರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಮುಖದ ಮೇಲೆ ನೀಲಿ ಬೆಳಕು ಬಿದ್ದು ಫೋಟೋಗಳೆಲ್ಲ ಕೆಡುತ್ತವೆ. ಅಂಗೈಯಗಲದ ದಪ್ಪ ಕಾಗದದ ಚೀಟಿಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು, ಮೂಲೆಯಲ್ಲಿ ಅಂಕಿ ಹಾಕಿ, ಒಂದು ತೂತು ಮಾಡಿ ದಾರ ಪೋಣಿಸಿಕೊಂಡರೆ ಕೈಜಾರಿ ಬಿದ್ದರೂ ಕ್ರಮ ತಪ್ಪುವುದಿಲ್ಲ.

ಹೆಸರುಗಳ ವಿಷಯವನ್ನು ಮಾತ್ರ ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಇಬ್ಬರು ನಿರೂಪಿಸುವಾಗ ಒಬ್ಬರ ತಪ್ಪು ಎರಡು ಪಟ್ಟು ಎದ್ದು ಕಾಣುತ್ತದೆ. ನಾನು “ಶಶಿಕಲಾ” ಎಂದು ಹೇಳಿದ ಅತಿಥಿಯನ್ನು ಐದು ನಿಮಿಷದ ನಂತರ ಜೊತೆಗಾತಿ “ಸಸಿಕಲಾ” ಎಂದರೆ ಯಾರು ಸರಿ ಎಂಬ ಅನುಮಾನ ಸಭೆಗೆ ಬರುತ್ತದೆ. ನಾನು “ಮಾನ್ಯ ಅಧ್ಯಕ್ಷರಾದ” ಎಂದು, ಅವಳು “ಸಂಘದ ಅಧ್ಯಕ್ಷರಾಗಿರುವಂತಹ ಶ್ರೀಯುತ” ಎಂದು ಶುರುಮಾಡಿದರೆ ಗೌರವದ ತೂಕ ಏರುಪೇರಾಗುತ್ತದೆ, ಮುನಿಸಿಕೊಳ್ಳುವವರಿಗೆ ಅಷ್ಟೇ ಸಾಕು. ಆದ್ದರಿಂದ ಪ್ರತಿ ಗಣ್ಯರ ಹೆಸರು, ಇನಿಷಿಯಲ್, ಹುದ್ದೆ, ಹೇಳಬೇಕಾದ ಗೌರವಸೂಚಕ ಇವನ್ನು ಒಂದು ಬಾರಿ ನಿರ್ಧರಿಸಿ, ಇಬ್ಬರ ಚೀಟಿಯಲ್ಲಿಯೂ ಅಕ್ಷರ ಬದಲಾಗದಂತೆ ಬರೆದುಕೊಳ್ಳಬೇಕು. ಸಂಶಯವಿದ್ದರೆ ಹಿಂದಿನ ದಿನವೇ ಅವರಿಗೆ ಫೋನ್ ಮಾಡಿ ಕೇಳಬಹುದು. “ನಿಮ್ಮ ಹೆಸರನ್ನು ಹೇಗೆ ಹೇಳಬೇಕು?” ಎಂದು ಕೇಳಿದ್ದಕ್ಕೆ ಬೇಸರಪಟ್ಟವರನ್ನು ನಾನು ಇದುವರೆಗೆ ಕಂಡಿಲ್ಲ.

ಬರೆದುಕೊಳ್ಳುವ ಸಂಗತಿಗಳಿಗೂ ಇದೇ ಮಾತು ಸಲ್ಲುತ್ತದೆ. ಒಬ್ಬರು “1956ರಲ್ಲಿ ಕರ್ನಾಟಕ ಹುಟ್ಟಿತು” ಎಂದೂ, ಇನ್ನೊಬ್ಬರು ಹತ್ತು ನಿಮಿಷ ಕಳೆದು “1973ರಲ್ಲಿ ಕರ್ನಾಟಕವಾಯಿತು” ಎಂದೂ ಹೇಳಿದ ವೇದಿಕೆಗಳು ಕಡಿಮೆಯಲ್ಲ. ಎರಡೂ ವರ್ಷಗಳು ಸರಿ, ಆದರೆ ಅವು ಬೇರೆ ಬೇರೆ ಘಟನೆಗಳಿಗೆ ಸೇರಿದವು. ಹರಿದುಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಮೈಸೂರು ರಾಜ್ಯವೆಂಬ ಹೆಸರಿನಲ್ಲಿ ಒಂದಾದದ್ದು 1956ರ ನವೆಂಬರ್ 1ರಂದು. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹಾಗೆಯೇ ಕನ್ನಡಕ್ಕೆ ಬಂದ ಜ್ಞಾನಪೀಠಗಳು ಎಂಟು. ಆದರೆ ಇದನ್ನು ಪ್ರತಿ ವರ್ಷ ಪ್ರತಿ ನಿರೂಪಕಿಯೂ ಹೇಳಿ ಆಗಿರುವುದರಿಂದ, ಈ ಸಲ ಬೇರೆ ಏನನ್ನಾದರೂ ಹುಡುಕಿಕೊಳ್ಳುವುದು ಮೇಲು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕತೆಗಾರ್ತಿ ಬಾನು ಮುಷ್ತಾಕ್ ಅವರೂ ಅನುವಾದಕಿ ದೀಪಾ ಭಾಸ್ತಿ ಅವರೂ ಹಂಚಿಕೊಂಡದ್ದನ್ನು ನಾವು ಹೇಳಿದೆವು. ಒಂದು ಮೈಕಿನ ಹಿಂದೆ ಇಬ್ಬರು ಹೆಂಗಸರು ನಿಂತು ಹೇಳುವುದಕ್ಕೆ ಅದು ಒಪ್ಪುತ್ತಿತ್ತು ಕೂಡ.

ಚೀಟಿಗಳ ಹಾವಳಿ

ನಿರೂಪಣೆ ಮಾಡಿದವರಿಗೆಲ್ಲ ಗೊತ್ತಿರುವ ಒಂದು ಸಂಕಟವಿದೆ. ಕಾರ್ಯಕ್ರಮ ಶುರುವಾಗಿ ಹತ್ತು ನಿಮಿಷವಾಗುವುದರೊಳಗೆ ಸಂಘದವರು ಒಬ್ಬೊಬ್ಬರಾಗಿ ಬಂದು ಕೈಗೆ ಚೀಟಿ ತುರುಕುತ್ತಾರೆ: “ಇವರ ಹೆಸರು ಬಿಟ್ಟುಹೋಗಿದೆ, ವೇದಿಕೆಗೆ ಕರೆಯಿರಿ”, “ಬಿಳಿ ಕಾರನ್ನು ಗೇಟಿನಿಂದ ತೆಗೆಯಲು ಹೇಳಿ”, “ಮೂರನೆಯ ನೃತ್ಯ ಐದನೆಯದಾಗಿದೆ”. ಒಬ್ಬಳೇ ನಿರೂಪಕಿ ಇದ್ದಾಗ ಮಾತಾಡುತ್ತಲೇ ಇವನ್ನು ಓದಬೇಕು. ಇಬ್ಬರಿರುವಾಗ ನಿಯಮ ಕಟ್ಟುನಿಟ್ಟಾಗಿರಲಿ: ಮಾತಾಡುತ್ತಿರುವವಳ ಕೈಗೆ ಯಾರೂ ಚೀಟಿ ಕೊಡಕೂಡದು, ಸುಮ್ಮನಿರುವವಳ ಕೈಗೇ ಕೊಡಬೇಕು. ಇದನ್ನು ಸಂಘದವರಿಗೆ ಮೊದಲೇ ಹೇಳಿ, ಹೊಸ ಹೆಸರು ಸೇರಿಸುವ ಅಧಿಕಾರ ಕಾರ್ಯದರ್ಶಿಯೊಬ್ಬರಿಗೆ ಮಾತ್ರ ಎಂದು ಒಪ್ಪಿಸಿಕೊಳ್ಳಬೇಕು. ಸುಮ್ಮನಿರುವವಳು ಚೀಟಿಯನ್ನು ಓದಿ, ಹುದ್ದೆ ಗೌರವಗಳನ್ನು ಸರಿಪಡಿಸಿ, ಈಗಲೇ ಹೇಳಬೇಕಾದದ್ದೋ ಅಲ್ಲವೋ ಎಂದು ತೀರ್ಮಾನಿಸಿ, ದೊಡ್ಡ ಅಕ್ಷರದಲ್ಲಿ ಬರೆದು ಜೊತೆಗಾತಿಯ ಪೋಡಿಯಂ ಮೇಲೆ ಇಡುತ್ತಾಳೆ. ಕಾರಿನ ಚೀಟಿಯನ್ನು ಅತಿಥಿಗಳ ಭಾಷಣದ ನಡುವೆ ಓದಬೇಕಾಗಿಲ್ಲ. ಆದರೆ ಮಗು ಕಾಣೆಯಾಗಿದೆ ಎಂಬ ಚೀಟಿ ಬಂದರೆ ಯಾವ ಭಾಷಣವನ್ನಾದರೂ ನಿಲ್ಲಿಸಬಹುದು.

ಭಾಷಣ ಉದ್ದವಾದಾಗಲೂ ಮಧ್ಯೆ ಪ್ರವೇಶಿಸಬೇಕಾದವಳು ಸುಮ್ಮನಿರುವವಳೇ. ಮಾತಾಡಲು ಕರೆದವಳೇ ನಿಲ್ಲಿಸಲು ಹೋದರೆ ಒರಟಾಗಿ ಕಾಣುತ್ತದೆ. ಇನ್ನೊಬ್ಬಳು ಒಂದು ಲೋಟ ನೀರನ್ನು ತೆಗೆದುಕೊಂಡು ಹೋಗಿ, ಅದರ ಕೆಳಗೆ “ಇನ್ನು 2 ನಿಮಿಷ” ಎಂಬ ಕಾಗದವಿಟ್ಟು ಬಂದರೆ ಅತಿಥಿಗಳ ಮರ್ಯಾದೆಯೂ ಉಳಿಯುತ್ತದೆ, ನೀರಡಿಕೆಯೂ ತೀರುತ್ತದೆ. ರಾತ್ರಿ 10ರ ನಂತರ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸಲು ನಿರ್ಬಂಧವಿರುವುದರಿಂದ, ಬಯಲಿನ ಶಾಮಿಯಾನದ ಕಾರ್ಯಕ್ರಮವಾದರೆ ಈ ಲೆಕ್ಕ ಇನ್ನೂ ಮುಖ್ಯ. ನಾವು 9.30ಕ್ಕೆ ಮುಗಿಯುವಂತೆ ಬರೆದುಕೊಳ್ಳುತ್ತೇವೆ, ಅದು 9.50ಕ್ಕೆ ಮುಗಿಯುತ್ತದೆ.

ಸೀರೆ, ಬಳೆ, ಮೈಕು

ಇಬ್ಬರೂ ಒಂದೇ ಬಣ್ಣದ ಸೀರೆ ಉಡಬೇಕೆಂದೇನೂ ಇಲ್ಲ. ರಾಜ್ಯೋತ್ಸವಕ್ಕೆ ಒಬ್ಬರು ಅರಿಶಿನ, ಇನ್ನೊಬ್ಬರು ಕುಂಕುಮದ ಬಣ್ಣ ಉಟ್ಟರೆ ಕನ್ನಡ ಬಾವುಟದಂತೆ ಕಾಣುತ್ತದೆ ಎನ್ನುವುದು ನಿಜ, ಆದರೆ ವೇದಿಕೆಯ ಹಿಂದಿನ ಬ್ಯಾನರೂ ಅದೇ ಎರಡು ಬಣ್ಣದ್ದಾಗಿದ್ದರೆ ಇಬ್ಬರೂ ಅದರಲ್ಲಿ ಕರಗಿಹೋಗುತ್ತೀರಿ. ಮೊದಲು ಬ್ಯಾನರಿನ ಬಣ್ಣ ಕೇಳಿಕೊಳ್ಳಿ.

ಸೀರೆಗಿಂತ ಹೆಚ್ಚಿನ ಗಮನ ಬಳೆಗೆ ಬೇಕು. ಮೈಕ್ ಹಿಡಿಯುವ ಕೈಯಲ್ಲಿ ಗಾಜಿನ ಬಳೆಗಳಿದ್ದರೆ ಪ್ರತಿ ಚೀಟಿ ತಿರುವಿದಾಗಲೂ ಸ್ಪೀಕರಿನಲ್ಲಿ ಝಲ್ ಎನ್ನುತ್ತದೆ. ಆ ಕೈಗೆ ಒಂದೇ ಬಳೆ ಇರಲಿ, ಉಳಿದವು ಇನ್ನೊಂದು ಕೈಗಿರಲಿ. ಕಾಲರ್ ಮೈಕ್ ಕೊಟ್ಟರೆ ಅದರ ಡಬ್ಬಿಯನ್ನು ಸಿಕ್ಕಿಸುವುದಕ್ಕೆ ಸೀರೆಯಲ್ಲಿ ಜಾಗವಿರುವುದಿಲ್ಲ, ಸೊಂಟದ ಬಳಿ ಲಂಗದ ಲಾಡಿಗೆ ಭದ್ರವಾಗಿ ಸಿಕ್ಕಿಸಿಕೊಂಡು ಸೆರಗಿನಿಂದ ಮುಚ್ಚಬೇಕು. ರೇಷ್ಮೆ ಸೆರಗು ಮೈಕಿಗೆ ಉಜ್ಜಿದರೆ ಒಣಗಿದ ಎಲೆಯ ಮೇಲೆ ನಡೆದಂತೆ ಸದ್ದು ಬರುತ್ತದೆ, ಹಾಗಾಗಿ ಸೆರಗು ಎಡಹೆಗಲಿನ ಮೇಲಿದ್ದರೆ ಮೈಕು ಬಲಗಡೆಗಿರಲಿ. ನನ್ನ ಮಟ್ಟಿಗೆ ಹೇಳುವುದಾದರೆ ಕೈಯಲ್ಲಿ ಹಿಡಿಯುವ ಮೈಕೇ ಲೇಸು, ಆದರೆ ಒಂದಲ್ಲ, ಎರಡು. ಒಂದೇ ಮೈಕನ್ನು ಕೈಯಿಂದ ಕೈಗೆ ದಾಟಿಸುವ ಇಬ್ಬರು ನಿರೂಪಕಿಯರನ್ನು ನೋಡಿದಾಗ ಓಟದ ಪಂದ್ಯದ ನೆನಪಾಗುತ್ತದೆ. ಎರಡು ಮೈಕುಗಳಿದ್ದರೂ ಒಂದರ ದನಿ ದೊಡ್ಡದು ಇನ್ನೊಂದರದು ಸಣ್ಣದು ಆಗದಂತೆ, ಇಬ್ಬರೂ ಒಂದೇ ವಾಕ್ಯವನ್ನು ಹೇಳಿ ಧ್ವನಿವರ್ಧಕದ ಹುಡುಗನಿಂದ ಸರಿಮಾಡಿಸಿಕೊಳ್ಳಬೇಕು. ಇದಕ್ಕೆ ಬೇಕಾದದ್ದು ಮೂರು ನಿಮಿಷ, ಆದರೆ ಸಭಿಕರು ಬರುವ ಮೊದಲೇ ಆಗಬೇಕು.

ಮಾತಿನ ಬಗ್ಗೆ

ವೇದಿಕೆಯ ಕೆಳಗೆ ನನ್ನ ಜೊತೆಗಾತಿ ನನ್ನನ್ನು ಅಕ್ಕ ಎನ್ನುತ್ತಾಳೆ, ನಾನು ಅವಳನ್ನು ನೀನು ಎನ್ನುತ್ತೇನೆ. ವೇದಿಕೆಯ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ನೀವು. ಇದು ತೋರಿಕೆ ಎಂದು ಮೊದಲಿಗೆ ಅವಳಿಗೆ ನಗು ಬರುತ್ತಿತ್ತು, ಆದರೆ ಸಭೆಯ ಮುಂದೆ ಒಬ್ಬಳನ್ನು ನೀನು ಎಂದರೆ ಅವಳ ಸ್ಥಾನ ಒಂದು ಮೆಟ್ಟಿಲು ಇಳಿದು, ಸಹಾಯಕಿಯಂತೆ ಕಾಣುತ್ತಾಳೆ. ವಯಸ್ಸಿನ ಅಂತರ ಹೆಚ್ಚಿದ್ದಷ್ಟೂ ಈ ಎಚ್ಚರಿಕೆ ಹೆಚ್ಚಬೇಕು.

ಇಬ್ಬರ ನಡುವಿನ ಸಂಭಾಷಣೆಯನ್ನು ಮಿತದಲ್ಲಿಡಬೇಕು. “ನೋಡಿದಿರಾ, ಎಷ್ಟು ಸುಂದರ ನೃತ್ಯ!” “ಹೌದು ಹೌದು, ಕಣ್ಣಿಗೆ ಹಬ್ಬ!” “ಹಾಗಾದರೆ ಮುಂದೆ ಏನಿದೆ?” “ಅದನ್ನೇ ಹೇಳಲು ಬಂದೆ!” ಎಂಬ ಮಾದರಿಯ ಪ್ರಶ್ನೋತ್ತರ ಮೊದಲ ಬಾರಿಗೆ ಸಹ್ಯ, ಎರಡನೆಯ ಬಾರಿಗೆ ಬಾಯಿಪಾಠವೆಂದು ಎಲ್ಲರಿಗೂ ತಿಳಿಯುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೊಗಳುವ ಬದಲು, ಅದಕ್ಕೆ ಒಂದು ಸಣ್ಣ ಮಾಹಿತಿಯನ್ನು ಸೇರಿಸಿದರೆ ಮಾತು ಮುಂದೆ ಹೋಗುತ್ತದೆ. ನೃತ್ಯ ಮುಗಿದಾಗ ನಾನು ಮಕ್ಕಳ ಹೆಸರು ಹೇಳಿದರೆ, ಅವರಿಗೆ ಕಲಿಸಿದ ಟೀಚರನ್ನೂ ರಾತ್ರಿಯೆಲ್ಲ ಕುಳಿತು ವೇಷ ಹೊಲಿದ ತಾಯಂದಿರನ್ನೂ ಅವಳು ನೆನೆಯುತ್ತಾಳೆ. ಚಪ್ಪಾಳೆಯನ್ನು ಕೇಳಿ ಪಡೆಯುವ ಅಭ್ಯಾಸವನ್ನು ಇಬ್ಬರೂ ಬಿಟ್ಟರೆ ಒಳ್ಳೆಯದು. ಒಂದು ಸಂಜೆ “ಜೋರಾದ ಚಪ್ಪಾಳೆ” ಎಂಬ ಮಾತನ್ನು ನಾವಿಬ್ಬರೂ ಸೇರಿ ಎಷ್ಟು ಸಲ ಹೇಳಿದೆವೆಂದು ನನ್ನ ಮಗ ಎಣಿಸಿ ಹೇಳಿದ ಮೇಲೆ ನಾಚಿಕೆಯಿಂದ ನಿಲ್ಲಿಸಿದೆವು.

ಉಚ್ಚಾರದ ಅಭ್ಯಾಸಕ್ಕೆ ಗುರುಗಳು ದೂರದಲ್ಲಿಲ್ಲ. ಬೆಂಗಳೂರಿನವರು ದಿನವೂ ಮೆಟ್ರೋದಲ್ಲಿ ಕೇಳುತ್ತಿದ್ದ ಅಪರ್ಣಾ ಅವರ ಕನ್ನಡ ಪ್ರಕಟಣೆಗಳನ್ನು ನೆನಪಿಸಿಕೊಳ್ಳಿ. 2024ರಲ್ಲಿ ಅವರು ತೀರಿಕೊಂಡಾಗ ಜನ ಮೊದಲು ನೆನೆದದ್ದು ಆ ದನಿಯನ್ನೇ. ಅವಸರವಿಲ್ಲ, ಏರಿದ ದನಿಯಿಲ್ಲ, ಪದದ ಕೊನೆಯ ಸ್ವರವನ್ನು ನುಂಗುವುದಿಲ್ಲ. ಇಬ್ಬರೂ ಹೀಗೆ ಮಾತಾಡಲು ಪ್ರಯತ್ನಿಸಿದರೆ ಎರಡು ದನಿಗಳ ನಡುವಿನ ವ್ಯತ್ಯಾಸ ಕೇಳುವವರಿಗೆ ಹಿತವಾಗಿರುತ್ತದೆ. ಒಬ್ಬರು ಶಾಂತವಾಗಿ, ಇನ್ನೊಬ್ಬರು ಕಿರುಚಿ ಮಾತಾಡಿದರೆ ಶಾಂತವಾಗಿರುವವರು ಸೋಮಾರಿಯಂತೆ ಕಾಣುತ್ತಾರೆ, ಪಾಪ.

ಅಪಾರ್ಟ್‌ಮೆಂಟುಗಳಲ್ಲಿ ಅರ್ಧ ಜನಕ್ಕೆ ಕನ್ನಡ ಬರುವುದಿಲ್ಲವೆಂಬ ಕಾರಣಕ್ಕೆ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ನಿರೂಪಿಸಬೇಕೆಂದು ಕೇಳುವುದುಂಟು. ಒಪ್ಪಿಕೊಳ್ಳಬಹುದು, ಆದರೆ ಸಾಲಿಗೊಂದು ಅನುವಾದ ಬೇಡ; ಒಂದು ಗಂಟೆಯ ಸಭೆ ಎರಡು ಗಂಟೆಯಾಗುತ್ತದೆ. ಮೂರು ನಾಲ್ಕು ಅಂಶಗಳಿಗೊಮ್ಮೆ ಇಂಗ್ಲಿಷಿನ ನಿರೂಪಕಿ ಎರಡು ವಾಕ್ಯದಲ್ಲಿ ಮುಂದೆ ಏನಿದೆ, ಏಕಿದೆ ಎಂದು ತಿಳಿಸಿದರೆ ಸಾಕು. ರಾಜ್ಯೋತ್ಸವದ ದಿನ ಕೇಳಿ ಕೇಳಿ ಒಂದೆರಡು ಕನ್ನಡ ಪದ ಕಲಿತರೆ ಅವರಿಗೂ ನಷ್ಟವಿಲ್ಲ.

ಸನ್ನೆಗಳು

ಮಾತಿಲ್ಲದೆ ತಿಳಿಸಬೇಕಾದ ಸಂಗತಿಗಳಿಗೆ ಮೂರು ಸನ್ನೆ ಸಾಕು, ಹೆಚ್ಚಾದರೆ ನೆನಪಿರುವುದಿಲ್ಲ. ನಮ್ಮಲ್ಲಿ ಸೆರಗು ಸರಿಮಾಡಿಕೊಂಡರೆ “ಮುಂದಿನವರು ಸಿದ್ಧರಿಲ್ಲ, ಮಾತು ಬೆಳೆಸಿ” ಎಂದರ್ಥ. ಕೈಗಡಿಯಾರ ಮುಟ್ಟಿದರೆ “ಬೇಗ ಮುಗಿಸಿ”. ಚೀಟಿಗಳನ್ನು ಎದೆಗೆ ಒತ್ತಿ ಹಿಡಿದರೆ “ಈಗ ನಾನು ಮಾತಾಡುತ್ತೇನೆ”. ಈ ಮೂರನೆಯದು ಅತಿ ಮುಖ್ಯ, ಏಕೆಂದರೆ ಅನಿರೀಕ್ಷಿತ ಮೌನ ಉಂಟಾದಾಗ ಇಬ್ಬರೂ ಒಟ್ಟಿಗೆ “ಈಗ” ಎಂದು ಶುರುಮಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಶುರುಮಾಡುವುದನ್ನು ತಪ್ಪಿಸಲು ಬೇರೆ ದಾರಿಯಿಲ್ಲ.

ಜೊತೆಗಾತಿ ತಪ್ಪು ಹೇಳಿದಾಗ ಮೈಕಿನಲ್ಲಿ ತಿದ್ದಬೇಡಿ. ಅತಿಥಿಯ ಹೆಸರು ಅಥವಾ ಹುದ್ದೆ ತಪ್ಪಿದ್ದರೆ ನಿಮ್ಮ ಮುಂದಿನ ಘಟ್ಟದಲ್ಲಿ ಅದನ್ನು ಸರಿಯಾಗಿ ಬಳಸಿದರೆ ಸಾಕು, ಕೇಳುವವರಿಗೆ ತಿಳಿಯುತ್ತದೆ. ಬಹುಮಾನ ಬಂದ ಮಗುವಿನ ಹೆಸರು ತಪ್ಪಾಗಿದ್ದರೆ ಮಾತ್ರ ಕೂಡಲೇ ತಿದ್ದಿ ಕ್ಷಮೆ ಕೇಳಬೇಕು. ದೊಡ್ಡವರು ಮರೆಯುತ್ತಾರೆ, ಮಕ್ಕಳು ಮರೆಯುವುದಿಲ್ಲ.

ಗೀತೆಗಳು, ಕೊನೆಯ ಪ್ರಕಟಣೆ

ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಪಡಿಸಿದೆ. ಹಾಡುವ ತಂಡದವರಿಗೆ ಇದನ್ನು ವಾರದ ಮೊದಲೇ ತಿಳಿಸುವುದು ನಿರೂಪಕಿಯರಲ್ಲಿ ಒಬ್ಬರ ಹೊಣೆ. ಹಾಡುವಾಗ ಇಬ್ಬರೂ ಮೈಕನ್ನು ಬಾಯಿಂದ ದೂರವಿಟ್ಟುಕೊಳ್ಳಬೇಕು. ಶ್ರುತಿ ಸೇರದ ನಿರೂಪಕಿಯ ದನಿ ಇಡೀ ತಂಡದ ದನಿಯನ್ನು ಮುಳುಗಿಸಿದ್ದನ್ನು ನಾನು ಕೇಳಿದ್ದೇನೆ, ಆ ನಿರೂಪಕಿ ಯಾರೆಂದು ಇಲ್ಲಿ ಬರೆಯುವುದಿಲ್ಲ.

ವಂದನಾರ್ಪಣೆಯನ್ನು ಸಂಘದವರು ಮಾಡಿದರೂ, ಅದರಲ್ಲಿ ಬಿಟ್ಟುಹೋಗುವ ಹೆಸರುಗಳು ಎಂದಿನವೇ: ಶಾಮಿಯಾನದವರು, ಧ್ವನಿವರ್ಧಕದ ಹುಡುಗ, ಅಡುಗೆಯವರು, ಮರುದಿನ ಬೆಳಗ್ಗೆ ಬಂದು ಗುಡಿಸುವವರು. ಸುಮ್ಮನಿರುವವಳು ಆ ಸಂಜೆಯುದ್ದಕ್ಕೂ ಈ ಹೆಸರುಗಳನ್ನು ಕೇಳಿ ಬರೆದುಕೊಂಡು ವಂದಿಸುವವರ ಕೈಗೆ ಕೊಡಬಹುದು. ಊಟ ಎಲ್ಲಿ, ಬಫೆಯೋ ಪಂಕ್ತಿಯೋ, ಕೈತೊಳೆಯುವುದೆಲ್ಲಿ ಎಂಬ ಪ್ರಕಟಣೆ ವಂದನಾರ್ಪಣೆ ಮುಗಿದ ಮೇಲೆ, ರಾಷ್ಟ್ರಗೀತೆಗೆ ಮುಂಚೆ ಆಗಬೇಕು. ಮೊದಲೇ ಹೇಳಿದರೆ ವಂದನೆ ಕೇಳಲು ಯಾರೂ ಇರುವುದಿಲ್ಲ, ರಾಷ್ಟ್ರಗೀತೆಯ 52 ಸೆಕೆಂಡುಗಳು ಕಳೆದ ಮೇಲೆ ಹೇಳಿದರೆ ಕುರ್ಚಿ ಎಳೆಯುವ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಆಮೇಲೆ ಮೈಕ್ ಆರಿಸಿ. ನಿಮ್ಮದನ್ನು ಆರಿಸಿದ ಮೇಲೆ ಜೊತೆಗಾತಿಯ ಮೈಕಿನ ಕೆಂಪು ದೀಪವನ್ನೂ ಒಮ್ಮೆ ನೋಡಿ. ಎರಡನೆಯ ವರ್ಷ ನಾನು ನನ್ನದನ್ನು ಮಾತ್ರ ಆರಿಸಿ ಅವಳ ಕಡೆ ತಿರುಗಿ, “ಅಬ್ಬಾ, ಅಧ್ಯಕ್ಷರ ಭಾಷಣ ಮುಗಿಯೋದೇ ಇಲ್ವೇನೋ ಅಂದ್ಕೊಂಡೆ ಕಣೇ” ಎಂದೆ. ಅವಳ ಕೈಯಲ್ಲಿದ್ದ ಮೈಕು ಇನ್ನೂ ಉರಿಯುತ್ತಿತ್ತು, ಅಧ್ಯಕ್ಷರು ಇನ್ನೂ ವೇದಿಕೆಯ ಮೆಟ್ಟಿಲನ್ನು ಇಳಿಯುತ್ತಿದ್ದರು.